ಮೈಗೆ ವಯಸ್ಸಾಗದ ಕಾರು: ದಕ್ಷಿಣ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಇವಿ

ದಕ್ಷಿಣ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಾರಿನ ಕಥೆ ಹೊಸೂರು ರಸ್ತೆಯ ಬೊಮ್ಮಸಂದ್ರದಿಂದ ಶುರುವಾಗುತ್ತದೆ. ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪನಿ ಕೈಜೋಡಿಸಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಅಲ್ಲಿ ಕಟ್ಟಿದವು. ಅದರ ಹಿಂದಿದ್ದ ಎಂಜಿನಿಯರ್ ಚೇತನ್ ಮೈನಿ, ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು. ಆ ತಂಡದ ಕಾರು 1990ರಲ್ಲಿ ಆಸ್ಟ್ರೇಲಿಯದ ಮರುಭೂಮಿ ದಾಟುವ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂದಿತ್ತು. ಏಳು ವರ್ಷ ಪ್ರಯೋಗ ನಡೆದ ಮೇಲೆ 2001ರಲ್ಲಿ ರೇವಾ ಬೆಂಗಳೂರಿನ ರಸ್ತೆಗಿಳಿಯಿತು. ಅದಕ್ಕೂ ಮುಂಚೆ, 1993ರಲ್ಲಿ, ಲವ್‌ಬರ್ಡ್ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರೊಂದು ದೇಶದಲ್ಲಿ ಬಂದು ಹೋಗಿತ್ತಾದರೂ ವರ್ಷಾನುಗಟ್ಟಲೆ ತಯಾರಾಗಿ, ಮಾರಾಟವಾಗಿ, ಕೈಯಿಂದ ಕೈಗೆ ದಾಟುವಷ್ಟು ಕಾಲ ಬಾಳಿದ್ದು ರೇವಾ.

ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಜಾಗ, ಎರಡೂಮುಕ್ಕಾಲು ಮೀಟರನ್ನೂ ಮುಟ್ಟದ ಉದ್ದ. ಉಕ್ಕಿನ ಚೌಕಟ್ಟಿನ ಮೇಲೆ ಬಣ್ಣ ಬೆರೆಸಿಯೇ ಅಚ್ಚೊತ್ತಿದ ಎಬಿಎಸ್ ಪ್ಲಾಸ್ಟಿಕ್ ಹೊದಿಕೆ. ಮುಂದಿನ ಸೀಟುಗಳ ಕೆಳಗೆ ಆರಾರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜ್, ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಟ ಎಂದು ಕಂಪನಿ ಹೇಳುತ್ತಿತ್ತು. ಜಯನಗರ, ಬನಶಂಕರಿಯಂಥ ಬಡಾವಣೆಗೆ ಈ ಲೆಕ್ಕ ಸರಿಹೊಂದಿತು. ಸ್ವಂತ ಮನೆ, ಗೇಟಿನೊಳಗೆ ಕಾರು ನಿಲ್ಲುವ ಪೋರ್ಟಿಕೊ, ಅಲ್ಲೇ ಗೋಡೆಯಲ್ಲೊಂದು ಪ್ಲಗ್ ಪಾಯಿಂಟ್. ನಾಲ್ಕನೇ ಬ್ಲಾಕಿನ ಅಂಗಡಿ, ಮಕ್ಕಳ ಶಾಲೆ, ಎಂ.ಜಿ. ರಸ್ತೆಯ ಕಚೇರಿ ಎಲ್ಲ ಸೇರಿದರೂ ದಿನದ ಓಡಾಟ ನಲವತ್ತು ಕಿಲೋಮೀಟರ್ ಮೀರುತ್ತಿರಲಿಲ್ಲ.

ಈ ಕಾರು ಎರಡನೇ ಒಡೆಯನ ಕೈಗೆ ಬಂದಾಗ ಒಂದು ವಿಚಿತ್ರ ಕಂಡಿತು. ಪ್ಲಾಸ್ಟಿಕ್ ಮೈಗೆ ತುಕ್ಕಿಲ್ಲ, ಸಣ್ಣಪುಟ್ಟ ತಗ್ಗು ತಾನಾಗಿ ಹಿಂದಕ್ಕೆ ಬರುತ್ತದೆ. ಹೊಗೆ ಕೊಳವೆ ಇಲ್ಲ, ಎಂಜಿನ್ ಆಯಿಲ್ ಇಲ್ಲ. ಪೆಟ್ರೋಲ್ ಕಾರಿನ ವಯಸ್ಸನ್ನು ಕಣ್ಣು, ಕಿವಿ, ಮೂಗಿನಿಂದಲೇ ಅಳೆಯುವ ಗ್ಯಾರೇಜಿನ ಅನುಭವ ಇಲ್ಲಿ ಕೆಲಸಕ್ಕೆ ಬರಲಿಲ್ಲ. ವಯಸ್ಸೆಲ್ಲ ಸೀಟಿನ ಕೆಳಗಿತ್ತು. ಲೆಡ್-ಆಸಿಡ್ ಪ್ಯಾಕಿನ ಬಾಳಿಕೆ ಸುಮಾರು ಮೂರು ವರ್ಷ. ಅದಾದ ಮೇಲೆ ಇಡೀ ಪ್ಯಾಕ್ ಬದಲಿಸಬೇಕು. ಆದ್ದರಿಂದ ಹಳೆಯ ರೇವಾಗೆ ಬೆಲೆ ಕಟ್ಟುವಾಗ ಮಾಡೆಲ್ ವರ್ಷಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಪ್ಯಾಕ್ ಯಾವಾಗ ಹಾಕಿಸಿದ್ದು ಎಂಬುದು. ಹೊಸ ಪ್ಯಾಕಿನ 2003ರ ಕಾರು ಹಳೆಯ ಪ್ಯಾಕಿನ 2006ರ ಕಾರಿಗಿಂತ ಒಳ್ಳೆಯ ವ್ಯಾಪಾರ.

ಪ್ಯಾಕನ್ನು ಬೇಗ ಮುದಿಯಾಗಿಸುತ್ತಿದ್ದದ್ದು ಬಿಸಿ. ಲೆಡ್-ಆಸಿಡ್ ಬ್ಯಾಟರಿಗೆ 25 ಡಿಗ್ರಿ ಸೆಲ್ಸಿಯಸ್ ಹಿತ. ಅದರ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿಗೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿ ಉದ್ಯಮದ ಹಳೆಯ ಲೆಕ್ಕ. ಸೆಕೆಗೆ ಧನ ಫಲಕದ ಸೀಸದ ಜಾಲರಿ ಬೇಗ ಸವೆಯುತ್ತದೆ, ಚಾರ್ಜ್ ಮಾಡುವಾಗ ನೀರು ಬೇಗ ಕಡಿಮೆಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವುದು ಒಂದೆರಡು ತಿಂಗಳು ತಪ್ಪಿದರೆ ಫಲಕದ ಮೇಲ್ತುದಿ ಒಣಗಿ, ಆ ಭಾಗ ಮತ್ತೆಂದೂ ಕೆಲಸ ಮಾಡುವುದಿಲ್ಲ. ಎಂಟು ಬ್ಯಾಟರಿಗಳು ಸರಣಿಯಲ್ಲಿರುವುದರಿಂದ ಒಂದು ಸೋತರೆ ಉಳಿದ ಏಳೂ ಅದರ ಮಟ್ಟಕ್ಕೇ ಇಳಿಯುತ್ತವೆ. ಇಲ್ಲಿ ಬೆಂಗಳೂರಿನ ಹವೆ ರೇವಾದ ಪಾಲಿಗೆ ಒದಗಿಬಂದ ಭಾಗ್ಯವೆಂದೇ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಏಪ್ರಿಲಿನ ಸರಾಸರಿ ಗರಿಷ್ಠ ತಾಪವೇ 34 ಡಿಗ್ರಿ, ಬಹುಪಾಲು ರಾತ್ರಿಗಳು ತಂಪು. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು. ದೇಶದ ಮೊದಲ ಯಶಸ್ವಿ ಎಲೆಕ್ಟ್ರಿಕ್ ಕಾರು ಅಂಥ ಕಡೆ ಹುಟ್ಟಿದ್ದರೆ ಇಷ್ಟು ಕಾಲ ಬಾಳುತ್ತಿತ್ತೇ ಎಂಬುದು ಅನುಮಾನ.

ರೇವಾದ ದೊಡ್ಡ ಮಾರುಕಟ್ಟೆ ಕೊನೆಗೆ ತಂಪು ನಾಡಿನಲ್ಲೇ ಸಿಕ್ಕಿತು. 2004ರಿಂದ ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿ ಬಂತು. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ರೇವಾದ ಶೇಕಡಾ 55.2 ಪಾಲು ಕೊಂಡಿತು. 2013ರ ಮಾರ್ಚಿನಲ್ಲಿ ಇ2ಒ ಎಂಬ ಹೊಸ ಕಾರು, 2016ರಲ್ಲಿ ಅದರ ನಾಲ್ಕು ಬಾಗಿಲಿನ ರೂಪ ಬಂದವು, 2019ರಲ್ಲಿ ಅದೂ ನಿಂತಿತು. ತಯಾರಿಕೆ ನಿಂತ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರಿಗೆ ಬಿಡಿಭಾಗದ ಚಿಂತೆ ಇದ್ದೇ ಇರುತ್ತದೆ. ಇವಿಯಲ್ಲಿ ಆ ಚಿಂತೆ ಬ್ಯಾಟರಿ ಮತ್ತು ಕಂಟ್ರೋಲರ್ ಎಂಬ ಎರಡೇ ದುಬಾರಿ ಸಾಮಾನಿನ ಸುತ್ತ ತಿರುಗುತ್ತದೆ.

ಲಿಥಿಯಂ ಬಂದ ಮೇಲೆ ನೀರು ಹಾಕುವ ಕೆಲಸ ತಪ್ಪಿತು, ಬಿಸಿಯ ಕಾಟ ತಪ್ಪಲಿಲ್ಲ. ಲಿಥಿಯಂ ಸೆಲ್ಲಿನೊಳಗೆ ಗ್ರಾಫೈಟಿನ ಮೇಲೆ ತೆಳುಪೊರೆಯೊಂದು ಕಟ್ಟುತ್ತದೆ. ಅದು ಬೆಳೆದಷ್ಟೂ ಲಿಥಿಯಂ ಅದರಲ್ಲಿ ಸಿಕ್ಕಿಬಿದ್ದು ಸಾಮರ್ಥ್ಯ ಕುಗ್ಗುತ್ತದೆ. ತಾಪ ಏರಿದಂತೆ ಪೊರೆ ಬೇಗ ಬೆಳೆಯುತ್ತದೆ, ಪೂರ್ತಿ ಚಾರ್ಜ್ ಆಗಿ ಬಿಸಿಲಿನಲ್ಲಿ ಸುಮ್ಮನೆ ನಿಂತ ಕಾರಿನಲ್ಲಿ ಇನ್ನೂ ಬೇಗ. ಅಂದರೆ ಓಡದೆ ನಿಂತ ಕಾರಿಗೂ ವಯಸ್ಸಾಗುತ್ತದೆ. ಕಡಿಮೆ ಕಿಲೋಮೀಟರ್ ಓಡಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಇವಿಗೆ ಹೆಚ್ಚು ದುಡ್ಡು ಕೊಡುವುದು ಪೆಟ್ರೋಲ್ ಕಾರಿನ ಕಾಲದ ಅಭ್ಯಾಸ.

ಜಗತ್ತಿಗೆ ಈ ಪಾಠ ಸಿಕ್ಕಿದ್ದು ಅಮೆರಿಕದ ಅರಿಜೋನಾದಲ್ಲಿ. ನಿಸ್ಸಾನ್ ಲೀಫ್ ಕಾರಿನ ಬ್ಯಾಟರಿಗೆ ತಂಪು ಮಾಡುವ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. 2012ರ ಬೇಸಿಗೆಯಲ್ಲಿ ಫೀನಿಕ್ಸ್ ನಗರದ ಮಾಲೀಕರು ಡ್ಯಾಶ್‌ಬೋರ್ಡಿನ 12 ಸಾಮರ್ಥ್ಯ ಗೆರೆಗಳು ಒಂದೊಂದಾಗಿ ಆರುವುದನ್ನು ಕಂಡು ದೂರಿದರು. ವಿಷಯ ಕೋರ್ಟಿಗೂ ಹೋಯಿತು. 5 ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸರಿಪಡಿಸಿಕೊಡುವ ವಾರಂಟಿಯನ್ನು ಕಂಪನಿ ಕೊಡಬೇಕಾಯಿತು. ಅಲ್ಲಿಂದ ಮುಂದೆ ಬಿಸಿನಾಡಿನಲ್ಲಿ ಹಳೆಯ ಇವಿ ಕೊಳ್ಳುವವರು ಬ್ಯಾಟರಿಯನ್ನು ತಂಪಾಗಿಡುವ ವ್ಯವಸ್ಥೆ ಯಾವುದು ಎಂದು ಕೇಳದೆ ಮುಂದುವರಿಯುವುದಿಲ್ಲ.

ಭಾರತದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2019-20ರಲ್ಲಿ. 2019ರ ಜುಲೈಯಲ್ಲಿ ಹುಂಡೈ ಕೋನಾ, 2020ರ ಜನವರಿಯಲ್ಲಿ ಎಂಜಿ ಝಡ್‌ಎಸ್ ಇವಿ ಮತ್ತು ಟಾಟಾ ನೆಕ್ಸಾನ್ ಇವಿ ಬಂದವು. ಬ್ಯಾಟರಿಯ ಸುತ್ತ ಕೂಲೆಂಟ್ ಹರಿಸಿ ತಂಪಾಗಿಡುವ ಕಾರುಗಳು ಸಾಮಾನ್ಯ ಗ್ರಾಹಕರ ಕೈಗೆ ಸಿಕ್ಕಿದ್ದು ಆಗಲೇ. ನೆಕ್ಸಾನಿನ 30.2 ಕಿಲೋವ್ಯಾಟ್ ಅವರ್ ಪ್ಯಾಕ್ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ನಿಕಲ್ ಇರುವ ಸೆಲ್ಲಿಗಿಂತ ತೂಕ ಹೆಚ್ಚು, ಆದರೆ ಬಿಸಿ ತಡೆಯುವ ಶಕ್ತಿಯೂ ಹೆಚ್ಚು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಗೊಳಿಸಿತು. ದ್ವಿಚಕ್ರಕ್ಕೆ ಎಐಎಸ್-156, ಕಾರಿಗೆ ಎಐಎಸ್-038ರ ಎರಡನೇ ಪರಿಷ್ಕರಣೆ. ಇವು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಎಂಬ ಎರಡು ಹಂತಗಳಲ್ಲಿ ಜಾರಿಯಾದವು. ಹಳೆಯ ಕಾರು ನೋಡುವಾಗ ಅದು ತಯಾರಾದ ತಿಂಗಳು ಇದಕ್ಕೆ ಮುಂಚಿನದೋ ಆಮೇಲಿನದೋ ಎಂದು ಆರ್‌ಸಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಬೆಂಗಳೂರಿನ ತಂಪು ಹವೆಯನ್ನೇ ನಂಬಿಕೊಂಡು ಕೊಳ್ಳುವಂತಿಲ್ಲ. ಊರೂ ಬಿಸಿಯಾಗಿದೆ: 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತು. ಅದಕ್ಕಿಂತ ಮುಖ್ಯವಾದದ್ದು ಕಾರಿನ ಪೂರ್ವಾಶ್ರಮ. ದೆಹಲಿಯಲ್ಲೋ ಚೆನ್ನೈಯಲ್ಲೋ ನಾಲ್ಕು ಬೇಸಿಗೆ ಕಳೆದು ಬಂದ ಕಾರು ಬಿಟಿಎಂ ಲೇಔಟಿನಲ್ಲಿ ಮಾರಾಟಕ್ಕೆ ನಿಂತಾಗ ನೋಡಲು ಜಯನಗರದ ಕಾರಿನಂತೆಯೇ ಇರುತ್ತದೆ. ಹೊರರಾಜ್ಯದ ಪೆಟ್ರೋಲ್ ಕಾರು ಕರ್ನಾಟಕಕ್ಕೆ ಬಂದರೆ ಇಲ್ಲಿನ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಇವಿಗಳಿಗೆ ಆ ತೆರಿಗೆಯ ವಿನಾಯಿತಿ ಸಿಕ್ಕಿದ್ದರಿಂದ ಅವು ಹೊರಗಿನಿಂದ ಬರಲು ತಡೆ ಕಡಿಮೆಯಾಯಿತು. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಇವಿಗಳಿಗೆ ಶೇಕಡಾ 10ರ ತೆರಿಗೆ ಬಂತು. ನಂಬರ್ ಪ್ಲೇಟಿನಲ್ಲಿ ಕೆಎ-05, ಅಂದರೆ ಜಯನಗರ ಆರ್‌ಟಿಒ, ಎಂದಿದ್ದರೂ ಅದು ಮರುನೋಂದಣಿಯ ಸಂಖ್ಯೆಯಾಗಿರಬಹುದು. ಮೊದಲ ನೋಂದಣಿ ಎಲ್ಲಿ, ಎನ್‌ಒಸಿ ಯಾವ ಊರಿನಿಂದ ಬಂತು ಎಂಬುದನ್ನು ಕಾಗದದಲ್ಲೇ ನೋಡಬೇಕು.

ಪ್ಲೇಟಿನ ಬಣ್ಣವೂ ಮಾತಾಡುತ್ತದೆ. 2018ರಿಂದ ಇವಿಗಳಿಗೆ ಹಸಿರು ಪ್ಲೇಟ್ ಕಡ್ಡಾಯ: ಸ್ವಂತ ಬಳಕೆಯ ಕಾರಿಗೆ ಬಿಳಿ ಅಕ್ಷರ, ಟ್ಯಾಕ್ಸಿಗೆ ಹಳದಿ. ಬೆಂಗಳೂರಿನ ಐಟಿ ಕಚೇರಿಗಳಿಗೆ ಎಲೆಕ್ಟ್ರಿಕ್ ಕ್ಯಾಬ್ ಓಡಿಸುವ ಲಿಥಿಯಂ ಅರ್ಬನ್ ಕಂಪನಿ 2015ರ ಸುಮಾರಿಗೇ ಇ2ಒಗಳನ್ನು ಇಳಿಸಿತ್ತು. ದಿನಕ್ಕೆ ಹಲವು ಸಲ ಫಾಸ್ಟ್ ಚಾರ್ಜ್ ಆಗಿ, ಬಹುತೇಕ ಖಾಲಿಯಾಗುವವರೆಗೆ ಓಡಿದ ಟ್ಯಾಕ್ಸಿಯ ಪ್ಯಾಕ್ ಮನೆಯ ಕಾರಿನ ಪ್ಯಾಕಿನಂತೆ ಬಾಳಿರುವುದಿಲ್ಲ. ಹಳದಿ ಅಕ್ಷರವನ್ನು ಬಿಳಿಗೆ ಬದಲಿಸಿದ ಕಾರನ್ನು ಮನೆಯ ಕಾರಿನ ಬೆಲೆಗೆ ಕೊಳ್ಳುವುದು ಮೋಸಹೋದಂತೆಯೇ.

ಪರೀಕ್ಷೆಯನ್ನು ಮಾರುವವರು ಹೇಳುವ ಬೆಳಗಿನ ತಂಪಿನಲ್ಲಿ ಮಾಡುವುದಕ್ಕಿಂತ ಬೇಸಿಗೆಯ ಮಧ್ಯಾಹ್ನ ಮಾಡುವುದು ಲೇಸು. ಕಾರನ್ನು ಶೇಕಡಾ 100ಕ್ಕೆ ಚಾರ್ಜ್ ಮಾಡಿಸಬೇಕು. ಐರನ್ ಫಾಸ್ಫೇಟ್ ಪ್ಯಾಕಿನಲ್ಲಿ ವೋಲ್ಟೇಜು ಬಹುಪಾಲು ಸಮತಟ್ಟಾಗಿ ಇರುವುದರಿಂದ, ಬಹಳ ದಿನ ಪೂರ್ತಿ ಚಾರ್ಜ್ ಕಾಣದ ಕಾರಿನ ಮೀಟರು ತಪ್ಪು ಶೇಕಡಾವಾರು ತೋರಿಸುತ್ತದೆ. ಆಮೇಲೆ ಎಸಿ ಹಾಕಿಕೊಂಡು ಬನಶಂಕರಿ ದೇವಸ್ಥಾನದ ಮುಂದಿನಿಂದ ಕನಕಪುರ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ಊರೊಳಗಿನ ಟ್ರಾಫಿಕ್ಕಿನಲ್ಲೂ ಸುತ್ತಿ, ಓಡಿದ ಕಿಲೋಮೀಟರನ್ನು ಇಳಿದ ಶೇಕಡಾದೊಂದಿಗೆ ತಾಳೆ ನೋಡಬೇಕು. 50 ಕಿ.ಮೀ.ಗೆ 25 ಅಂಶ ಇಳಿದರೆ ಪೂರ್ತಿ ಪ್ಯಾಕಿಗೆ 200 ಕಿ.ಮೀ. ಮೊದಲ ನೆಕ್ಸಾನಿಗೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ 312 ಕಿ.ಮೀ. ಆದರೂ ದಿನಬಳಕೆಯಲ್ಲಿ ಹೊಸದರಲ್ಲೇ 200ರ ಆಸುಪಾಸು ಸಿಗುತ್ತಿದ್ದುದರಿಂದ ಆ ಕಾರಿಗೆ ಇದು ಒಳ್ಳೆಯ ಫಲಿತಾಂಶ. ಡ್ಯಾಶ್‌ಬೋರ್ಡ್ ಹೇಳುವ ಉಳಿದ ದೂರವನ್ನು ಮಾತ್ರ ನಂಬಬಾರದು. ಅದು ಹಿಂದಿನ ಚಾಲಕ ಎಷ್ಟು ಮೆಲ್ಲಗೆ ಓಡಿಸಿದ ಎಂಬುದನ್ನು ಹೆಚ್ಚು ಹೇಳುತ್ತದೆ.

ಓಟ ಮುಗಿದ ಕೂಡಲೇ ಅದೇ ಬಿಸಿಯಲ್ಲಿ ಕಾರನ್ನು ಡಿಸಿ ಫಾಸ್ಟ್ ಚಾರ್ಜರಿಗೆ ಹಾಕಿದರೆ ಕೂಲಿಂಗಿನ ನಿಜಸ್ಥಿತಿ ಗೊತ್ತಾಗುತ್ತದೆ. ಕೂಲೆಂಟ್ ಪಂಪು, ಫ್ಯಾನು ಸರಿಯಿದ್ದರೆ ಸದ್ದು ಕೇಳಿಸುತ್ತದೆ, ಚಾರ್ಜಿಂಗ್ ವೇಗ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ವೇಗ ಥಟ್ಟನೆ ಕುಸಿದರೆ ಪ್ಯಾಕ್ ಕಾದಿರಬಹುದು. ಕಾರಿನ ತಪಾಸಣೆಗೆಂದೇ ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಉಪಕರಣದಿಂದ ಸೆಲ್ಲುಗಳ ನಡುವಿನ ವೋಲ್ಟೇಜ್ ಅಂತರ, ಪ್ಯಾಕಿನ ತಾಪ, ಕೆಲವು ಮಾದರಿಗಳಲ್ಲಿ ಉಳಿದ ಸಾಮರ್ಥ್ಯ ಕೂಡ ಓದಬಹುದು. ಅದರ ಜೊತೆಗೆ ಕಂಪನಿಯ ಸರ್ವಿಸ್ ಸೆಂಟರಿನಿಂದ ಬ್ಯಾಟರಿ ವರದಿಯನ್ನು ಲಿಖಿತವಾಗಿ ಪಡೆಯಬೇಕು. ಬೆಂಗಳೂರಿನಲ್ಲಿ ಬಿಸಿಯಷ್ಟೇ ನೀರನ್ನೂ ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಎಷ್ಟೋ ಬೇಸ್‌ಮೆಂಟುಗಳು ತುಂಬಿದವು. ಪ್ಯಾಕ್ ನೀರು ತಡೆದರೂ ಅದರ ಕನೆಕ್ಟರ್ ತುಕ್ಕು ಹಿಡಿದಿರಬಹುದು. ಕಾರ್ಪೆಟ್ಟಿನ ಅಡಿ, ಸೀಟ್ ಬೆಲ್ಟಿನ ಕೊನೆ, ಕಾರಿನ ಹೊಟ್ಟೆಯ ಬೋಲ್ಟುಗಳಲ್ಲಿ ಕೆಸರಿನ ಗುರುತು ಹುಡುಕಬೇಕು.

ವಾರಂಟಿ ಹಳೆಯ ಇವಿಯ ಅರ್ಧ ಬೆಲೆ. ಮೊದಲ ನೆಕ್ಸಾನಿನ ಪ್ಯಾಕಿಗೆ 8 ವರ್ಷ ಅಥವಾ 1,60,000 ಕಿ.ಮೀ. 2020ರ ಜನವರಿಯಲ್ಲಿ ರಸ್ತೆಗಿಳಿದ ಕಾರಿಗೆ ಅದು ತೀರುವುದು 2028ರ ಜನವರಿಯಲ್ಲಿ, ಕಿಲೋಮೀಟರ್ ಮೊದಲೇ ತುಂಬದಿದ್ದರೆ. ಕೆಲವು ವಾರಂಟಿಗಳು ಮೊದಲ ಮಾಲೀಕನಿಗಷ್ಟೇ ಪೂರ್ತಿಯಾಗಿ ಸಲ್ಲುವುದರಿಂದ ಹೆಸರು ಬದಲಾದ ಮೇಲೆ ಎಷ್ಟು ಉಳಿಯುತ್ತದೆ ಎಂದು ಬರಹದಲ್ಲಿ ತರಿಸಿಕೊಳ್ಳುವುದು ಕ್ಷೇಮ. ವ್ಯಾಪಾರಿಯಿಂದ ಕೊಂಡರೆ, 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ, ಅವನ ಲಾಭದ ಮೇಲೆ ಶೇಕಡಾ 18 ತೆರಿಗೆ ಬೀಳುತ್ತದೆ. ಸ್ವಂತ ಬಳಕೆಯವರು ನೇರವಾಗಿ ಇನ್ನೊಬ್ಬರಿಗೆ ಮಾರಿದರೆ ಅದಿಲ್ಲ.

ಕೊಂಡ ಮೇಲೆ ಕಾರು ನಿಲ್ಲುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಹೊಂಗೆ, ಮಳೆಮರಗಳ ನೆರಳಿರುವ ಜಯನಗರದ ಅಡ್ಡರಸ್ತೆಯೂ, ಮರ ಕಡಿದು ರಸ್ತೆ ಅಗಲಿಸಿದ ಕಡೆಯೂ ಪ್ಯಾಕಿಗೆ ಒಂದೇ ಅಲ್ಲ. ಜೆ.ಪಿ. ನಗರ, ಬಿಟಿಎಂ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್ ತಂಪು, ಆದರೆ ಅಲ್ಲಿ ಪ್ಲಗ್ ಪಾಯಿಂಟಿಗೆ ಸಂಘದ ಒಪ್ಪಿಗೆ ಬೇಕು. ಬೆಸ್ಕಾಂ ಇವಿ ಚಾರ್ಜಿಂಗಿಗೆಂದೇ ಎಲ್‌ಟಿ-6(ಸಿ) ಎಂಬ ಪ್ರತ್ಯೇಕ ದರ ಇಟ್ಟಿದೆ. ಇಡೀ ದೇಶದಲ್ಲಿ ಇವಿ ನೀತಿಯನ್ನು ಮೊದಲು ಹೊರಡಿಸಿದ ರಾಜ್ಯವೂ ಕರ್ನಾಟಕವೇ, 2017ರಲ್ಲಿ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬಿಟಿಎಂ ದಾಟಿ ಓಡುತ್ತಿರುವ ಹಳದಿ ಮೆಟ್ರೊ, ರೇವಾದ ಕಥೆ ಶುರುವಾದ ಬೊಮ್ಮಸಂದ್ರದಲ್ಲೇ ಕೊನೆಗೊಳ್ಳುತ್ತದೆ. ಆ ನಿಲ್ದಾಣಕ್ಕೆ ಹೆಸರು ಕೊಟ್ಟ ಡೆಲ್ಟಾ ಕಂಪನಿ ಇವಿ ಚಾರ್ಜರುಗಳನ್ನೂ ತಯಾರಿಸುತ್ತದೆ.

ಸತ್ತ ಪ್ಯಾಕಿನ ಗತಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ರೇವಾದ ಸೀಸಕ್ಕೆ ಗುಜರಿಯಲ್ಲಿ ಯಾವಾಗಲೂ ಬೆಲೆ ಇತ್ತು. ಹಳೆಯ ಲೆಡ್-ಆಸಿಡ್ ಬ್ಯಾಟರಿಯನ್ನು ಮಾರಿದವರಿಗೇ ಮರಳಿಸಬೇಕೆಂಬ ಕೇಂದ್ರದ ನಿಯಮ ಬಂದದ್ದೂ ರೇವಾ ಬಂದ 2001ರಲ್ಲೇ. ಲಿಥಿಯಂ ಪ್ಯಾಕುಗಳಿಗೆ ಅಂಥ ನಿಯಮ ಬರಲು 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಈಗ ಹಳೆಯ ಇವಿ ಪ್ಯಾಕನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು.