ಹಳೆಯ ಚಿತ್ರ, ಅಗಲದ ಪರದೆ: ಯಾವ ಅಳತೆ ಸರಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳ ಜನ ಒಂದು ಕಾಲಕ್ಕೆ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕುಳಿತು ನೋಡಿದ ಚಿತ್ರಗಳು ಈಗ ಮನೆಯ ಟಿ.ವಿ.ಗೆ ಬಂದಿವೆ. ಚಿತ್ರ ಅದೇ ಆದರೂ ಆಕಾರ ಅದೇ ಆಗಿರುವುದಿಲ್ಲ. ನಾಯಕನ ಮುಖ ಅಡ್ಡಕ್ಕೆ ಹಿಗ್ಗಿರುತ್ತದೆ, ಇಲ್ಲವೇ ಹಣೆ ಕತ್ತರಿಸಿಹೋಗಿರುತ್ತದೆ. ದೋಷ ಹಳೆಯ ಚಿತ್ರದ್ದಲ್ಲ. ಪರದೆಗೆ ಹೊಂದಿಸಿದ ರೀತಿಯದು.

ಅನುಪಾತ ಎಂದರೇನು?

ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧವೇ ಚೌಕಟ್ಟಿನ ಅನುಪಾತ, ಅಂದರೆ ಆಸ್ಪೆಕ್ಟ್ ರೇಷಿಯೊ. 1932ರಲ್ಲಿ ಹಾಲಿವುಡ್ ಒಪ್ಪಿಕೊಂಡ 1.37:1 ಅಳತೆ ಅನೇಕ ವರ್ಷಗಳ ಕಾಲ ಜಗತ್ತಿನ ಚಿತ್ರರಂಗವನ್ನು ಆಳಿತು. ಹಳೆಯ ಪೆಟ್ಟಿಗೆ ಟಿ.ವಿ.ಯ 4:3 ಅಳತೆ ಇದಕ್ಕೆ ತೀರಾ ಸಮೀಪ. 1953ರಲ್ಲಿ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂದಿತು, ಸುಮಾರು 2.35:1ರ ಉದ್ದನೆಯ ಚೌಕಟ್ಟು ರೂಢಿಯಾಯಿತು. ಇಂದಿನ ಟಿ.ವಿ.ಯ 16:9 ಅಳತೆ ಇವೆರಡರ ನಡುವಿನದು. ಆದ್ದರಿಂದ ಅದು ಎರಡಕ್ಕೂ ತಾನಾಗಿ ಹೊಂದುವುದಿಲ್ಲ.

1977ರ ಗಡಿ

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್'. ಕನ್ನಡದಲ್ಲಿ ಆ ಸ್ಥಾನ 1977ರ 'ಸೊಸೆ ತಂದ ಸೌಭಾಗ್ಯ'ದ್ದು. ಕನ್ನಡಿಗ ವೀಕ್ಷಕನಿಗೆ ಈ ಇಸವಿಯೇ ಒಳ್ಳೆಯ ಅಳತೆಗೋಲು. ಅದಕ್ಕೂ ಹಿಂದಿನ ಕನ್ನಡ ಚಿತ್ರವೊಂದು ಸಿನಿಮಾಸ್ಕೋಪ್ ಆಕಾರದಲ್ಲಿ ಕಂಡರೆ, ಮೇಲೆ ಕೆಳಗೆ ಕತ್ತರಿ ಬಿದ್ದಿದೆ ಅಥವಾ ಚಿತ್ರವನ್ನು ಅಡ್ಡಕ್ಕೆ ಎಳೆಯಲಾಗಿದೆ ಎಂದೇ ತಿಳಿಯಬೇಕು.

ಕತ್ತರಿಯ ಲೆಕ್ಕ ಸಣ್ಣದಲ್ಲ. 4:3 ಚಿತ್ರವನ್ನು 16:9 ಪರದೆ ತುಂಬುವಂತೆ ಕತ್ತರಿಸಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. 1.37:1ರ ಚಿತ್ರವನ್ನು 2.35:1ಕ್ಕೆ ಒಗ್ಗಿಸಿದರೆ ಶೇ 40ಕ್ಕೂ ಹೆಚ್ಚು ಚಿತ್ರ ಕಾಣೆಯಾಗುತ್ತದೆ.

'ನಾಗರಹಾವು' ನಿದರ್ಶನ

ಕೂಡ್ಲಿಗಿಗೆ ನೆರೆಯ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣಗೊಂಡ ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ನಾಗರಹಾವು' ತೆರೆಕಂಡದ್ದು 1972ರಲ್ಲಿ, ಅಂದರೆ ಕನ್ನಡಕ್ಕೆ ಸಿನಿಮಾಸ್ಕೋಪ್ ಬರುವ ಐದು ವರ್ಷ ಮೊದಲು. 2018ರಲ್ಲಿ ಅದು ಹೊಸ ಧ್ವನಿಯೊಂದಿಗೆ, ಸಿನಿಮಾಸ್ಕೋಪ್ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂದಿತು. ಹೊಸ ತಲೆಮಾರು ದೊಡ್ಡ ಪರದೆಯಲ್ಲಿ ಅದನ್ನು ನೋಡಿದ್ದು ಲಾಭವೇ ಸರಿ. ಆದರೆ ಮುಗಿಲಿಗೇರಿದ ಬಂಡೆ, ಕಡಿದಾದ ಮೆಟ್ಟಿಲು, ಎತ್ತಿ ಹಿಡಿದ ಒನಕೆ ಇವೆಲ್ಲ ಎತ್ತರವನ್ನು ನಂಬಿದ ದೃಶ್ಯಗಳು. ಮೇಲೆ ಕೆಳಗೆ ಕತ್ತರಿಸಿದಾಗ ಮೊದಲ ಪೆಟ್ಟು ಬೀಳುವುದು ಇಂಥವುಗಳಿಗೇ. 2004ರಲ್ಲಿ ಬಣ್ಣ ಪಡೆದ 'ಮೊಘಲ್-ಎ-ಆಜಂ' ಚಿತ್ರದ ಚೌಕಟ್ಟನ್ನೂ ಹೀಗೆಯೇ ಉದ್ದವಾಗಿಸಲಾಗಿತ್ತು.

ಇದಕ್ಕೆ ವಿರುದ್ಧವಾದ ಮಾದರಿಯೂ ಉಂಟು. ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣಗೊಂಡ 'ಶೋಲೆ'ಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವಿಸಿದಾಗ, ಅದರ ಮೂಲ 70 ಎಂ.ಎಂ. ಪ್ರದರ್ಶನದ 2.2:1 ಅಳತೆಯನ್ನೇ ಉಳಿಸಿಕೊಂಡು 2025ರಲ್ಲಿ ಇಟಲಿಯ ಬೊಲೊನ್ಯದಲ್ಲಿ ತೋರಿಸಿತು.

ಗುರುತಿಸುವುದು ಹೇಗೆ?

* ದುಂಡನೆಯ ವಸ್ತುವನ್ನು ನೋಡಿ. ಬಂಡಿಯ ಗಾಲಿ, ಪೂರ್ಣಚಂದ್ರ, ಗಡಿಯಾರ ಮೊಟ್ಟೆಯಾಕಾರ ತಾಳಿದ್ದರೆ ಚಿತ್ರವನ್ನು ಅಡ್ಡಕ್ಕೆ ಎಳೆಯಲಾಗಿದೆ.
* ಎಲ್ಲರೂ ತೆಳ್ಳಗೆ, ಅತಿ ಎತ್ತರವಾಗಿ ಕಂಡರೆ ಸಿನಿಮಾಸ್ಕೋಪ್ ಚಿತ್ರವನ್ನು ಅದುಮಿದ ಸ್ಥಿತಿಯಲ್ಲೇ ಬಿಡಲಾಗಿದೆ.
* ಆರಂಭದ ಸೆನ್ಸಾರ್ ಪ್ರಮಾಣಪತ್ರ ಮತ್ತು ಹೆಸರುಗಳ ಪಟ್ಟಿಯ ಸಾಲುಗಳು ಮೇಲೆ ಕೆಳಗೆ ತುಂಡಾಗಿದ್ದರೆ ಚಿತ್ರಕ್ಕೆ ಕತ್ತರಿ ಬಿದ್ದಿದೆ.
* ಸಿನಿಮಾಸ್ಕೋಪ್ ಚಿತ್ರ 4:3 ಪರದೆಯನ್ನು ಪೂರ್ತಿ ತುಂಬಿದ್ದು, ಮಾತನಾಡುವ ಇಬ್ಬರಲ್ಲಿ ಒಬ್ಬರು ಹೊರಗುಳಿದಿದ್ದರೆ ಅಕ್ಕಪಕ್ಕ ಕತ್ತರಿಸಲಾಗಿದೆ.

ಒಂದು ಎಚ್ಚರಿಕೆ ಅಗತ್ಯ. ಕೆಲವು ಚಿತ್ರಗಳನ್ನು ಪೂರ್ಣ ಚೌಕಟ್ಟಿನಲ್ಲಿ ಸೆರೆಹಿಡಿದು, ಪ್ರೊಜೆಕ್ಟರಿನಲ್ಲಿ ಮೇಲೆ ಕೆಳಗೆ ಮರೆಮಾಡಿ 1.66 ಅಥವಾ 1.85ರ ಅಳತೆಯಲ್ಲಿ ತೋರಿಸುವ ಪದ್ಧತಿಯೂ ಇತ್ತು. ಅಂಥ ಚಿತ್ರವನ್ನು ಪೂರ್ತಿ ತೆರೆದರೆ ಮೇಲಂಚಿನಲ್ಲಿ ಮೈಕ್ ಇಣುಕಬಹುದು. ಹೆಚ್ಚು ಕಾಣುವುದೆಲ್ಲ ಸರಿಯಾದುದಲ್ಲ. ನಿರ್ದೇಶಕ ತೋರಿಸಬಯಸಿದ್ದೇ ಸರಿಯಾದ ಅಳತೆ.

ಮನೆಯಲ್ಲಿ ಮಾಡಬೇಕಾದುದು

ಟಿ.ವಿ.ಯ ಪಿಕ್ಚರ್ ಸೈಜ್ ಆಯ್ಕೆಯಲ್ಲಿ ಹಳೆಯ ವಿ.ಸಿ.ಡಿ.ಗೆ 4:3 ಅಥವಾ 'ಒರಿಜಿನಲ್' ಇರಲಿ. 'ವೈಡ್', 'ಝೂಮ್' ಬೇಡ. 100 ಸೆಂ.ಮೀ. ಅಗಲದ ಪರದೆಯಲ್ಲಿ 4:3 ಚಿತ್ರ 75 ಸೆಂ.ಮೀ. ಅಗಲ ಕಾಣುತ್ತದೆ, ಎರಡೂ ಬದಿ ತಲಾ 12.5 ಸೆಂ.ಮೀ. ಕಪ್ಪು ಉಳಿಯುತ್ತದೆ. ಸಿನಿಮಾಸ್ಕೋಪ್ ಚಿತ್ರಕ್ಕೆ ಆ ಕಪ್ಪು ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಕೊಟ್ಟ ಹಣಕ್ಕೆ ಪರದೆ ತುಂಬಲಿಲ್ಲವೆಂಬ ಅಸಮಾಧಾನ ಸಹಜ. ಆದರೆ ಚಿತ್ರದ ಆಕಾರ ಕೆಡದೆ ಉಳಿದಿದೆ ಎಂಬುದಕ್ಕೆ ಆ ಕಪ್ಪೇ ಗುರುತು.

ಹಿಗ್ಗಿದ ಚಿತ್ರವನ್ನು ರಿಮೋಟಿನಿಂದ ಸರಿಪಡಿಸಬಹುದು. ಮೊದಲೇ ಕತ್ತರಿಸಿದ ಪ್ರತಿಯಲ್ಲಿ ಹೋದದ್ದು ಯಾವ ಗುಂಡಿ ಒತ್ತಿದರೂ ಬಾರದು. ಆದ್ದರಿಂದ ಹೊಸ, ಸ್ಪಷ್ಟ ಪ್ರತಿ ಸಿಕ್ಕಿತೆಂದು ಹಳೆಯ ವಿ.ಸಿ.ಡಿ., ಡಿ.ವಿ.ಡಿ.ಗಳನ್ನು ಗುಜರಿಗೆ ಹಾಕುವ ಮುನ್ನ ಎರಡನ್ನೂ ಒಮ್ಮೆ ಹೋಲಿಸಿ ನೋಡುವುದು ಒಳಿತು. ಮಸುಕಾದ ಹಳೆಯ ತಟ್ಟೆಯಲ್ಲೇ ಚಿತ್ರದ ಪೂರ್ಣ ಚೌಕಟ್ಟು ಉಳಿದಿರಬಹುದು.