ಗುಟ್ಟಿನ ದಾರಿ

1994ರಲ್ಲಿ ದೂರದರ್ಶನದಲ್ಲಿ 'ಚಂದ್ರಕಾಂತಾ' ಶುರುವಾದಾಗ ಭಾನುವಾರ ಅಡ್ಡಗದ್ದೆಯ ನಮ್ಮ ಮನೆ ತುಂಬಿಹೋಗುತ್ತಿತ್ತು. ವಿಜಯಗಢದ ಕ್ರೂರಸಿಂಹ ತನ್ನ ಅರಸನಿಗೇ ಎರಡು ಬಗೆದು ಚುನಾರದ ಶಿವದತ್ತನನ್ನು ಸೇರಿದ ದಿನ, ಸೊಪ್ಪು ಬಿಡಿಸುತ್ತಿದ್ದ ಅತ್ತೆ, "ಬಿದನೂರೂ ಹೀಗೇ ಹೋದದ್ದು ಕಣೇ" ಎಂದರು.

ಅದು ಕಟ್ಟುಕಥೆಯಲ್ಲ. ಶೃಂಗೇರಿ ಮಠಕ್ಕೆ ಉಂಬಳಿ ಬಿಟ್ಟ ಕೆಳದಿ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ದಂಡೆತ್ತಿ ಬಂದಾಗ ರಾಣಿ ವೀರಮ್ಮಾಜಿಗೆ ಸುತ್ತಲ ದಟ್ಟ ಕಾಡೇ ಕಾವಲು. ಆದರೆ ಹಿಂದಿನ ಅರಸರ ಮಂತ್ರಿ ಲಿಂಗಣ್ಣ ಕುಂಸಿಯಲ್ಲಿ ಸೆರೆಯಲ್ಲಿದ್ದ. ಊರೊಳಗೆ ನುಗ್ಗುವ ಗುಟ್ಟಿನ ದಾರಿಯನ್ನು ಹೈದರನಿಗೆ ತಿಳಿಸಿಕೊಟ್ಟವನು ಅವನೇ. ರಾಣಿ ಅರಮನೆಗೆ ಬೆಂಕಿ ಇಡಿಸಿ ತಪ್ಪಿಸಿಕೊಂಡಳು. ಆದರೂ ಸಿಕ್ಕಿಬಿದ್ದು ಮಧುಗಿರಿ ಕೋಟೆಯ ಸೆರೆ ಸೇರಿದಳು. ಮರಾಠರು ಬಿಡಿಸಿದ್ದು 1767ರಲ್ಲಿ. ಬಿದನೂರು ಹೈದರನಗರವಾಯಿತು; ಈಗ ಬರೀ ನಗರ.

ಕ್ರೂರಸಿಂಹನಿಗೆ ಹೆಸರೇ ಗುರುತು. ಲಿಂಗಣ್ಣ ಹಾಗಲ್ಲ, ಸ್ವಂತ ಆಸ್ಥಾನದಿಂದಲೇ ಸೆರೆ ಸೇರಿದವನು. ದ್ರೋಹಿ ಎಂದುಬಿಡುವುದು ಸುಲಭ.

"ಮನೆಯವರನ್ನೇ ಕತ್ತಲಲ್ಲಿ ಕೂರಿಸಿದರೆ, ಹಿತ್ತಿಲ ಬಾಗಿಲನ್ನ ಅವರೇ ತೆಗೀತಾರೆ" ಎಂದರು ಅತ್ತೆ. ನಾಲ್ವರು ಸೊಸೆಯರಿದ್ದ ಮನೆ ನಮ್ಮದು. ಆ ದಿನ ಯಾರೂ ಮಾತಾಡಲಿಲ್ಲ.