ಹೊಸ ಲೈಬ್ರರಿ, ಹಳೆಯ ತಂತ್ರಾಂಶ: ಮೆಮ್‌ಕಾಪಿಯ ಪ್ರಕರಣ

ಲಿನಕ್ಸ್‌ನ ಬಹುತೇಕ ತಂತ್ರಾಂಶಗಳು ಪದೇ ಪದೇ ಬೇಕಾಗುವ ಕೆಲಸಗಳನ್ನು ಗ್ಲಿಬ್‌ಸಿ ಎಂಬ ಲೈಬ್ರರಿಗೆ, ಅಂದರೆ ಎಲ್ಲರೂ ಹಂಚಿಕೊಂಡು ಬಳಸುವ ಸಿದ್ಧ ಫಂಕ್ಷನ್‌ಗಳ ಸಂಗ್ರಹಕ್ಕೆ, ಒಪ್ಪಿಸುತ್ತವೆ. ಅದರಲ್ಲಿನ ಮೆಮ್‌ಕಾಪಿಯು ಮೆಮೊರಿಯ ಒಂದು ಭಾಗದ ದತ್ತಾಂಶವನ್ನು ಇನ್ನೊಂದೆಡೆಗೆ ನಕಲಿಸುತ್ತದೆ. ಆದರೆ ಆ ಎರಡು ಭಾಗಗಳು ಪರಸ್ಪರ ಅತಿಕ್ರಮಿಸಿದ್ದರೆ ಫಲಿತಾಂಶಕ್ಕೆ ಖಾತರಿಯಿಲ್ಲವೆಂದು 1989ರ ಸಿ ಭಾಷಾ ಮಾನಕವು ಸಾರಿ, ಅಂಥ ಸಂದರ್ಭಕ್ಕೆಂದೇ ಮೆಮ್‌ಮೂವ್ ಎಂಬ ಬೇರೊಂದು ಫಂಕ್ಷನನ್ನು ಒದಗಿಸಿತ್ತು. ಈ ನಿಯಮವನ್ನು ಮೀರಿದ ಹಲವರಿಗೂ ಬಹುಕಾಲ ತೊಂದರೆಯಾಗಲಿಲ್ಲ, ಏಕೆಂದರೆ ನಕಲು ಸಾಮಾನ್ಯವಾಗಿ ಮೊದಲ ಬೈಟ್‌ನಿಂದ ಕೊನೆಯತ್ತ ಸಾಗುತ್ತಿತ್ತು.

ಹೊಸ ಪ್ರೊಸೆಸರ್‌ಗಳಲ್ಲಿ ವೇಗ ಹೆಚ್ಚಿಸಲೆಂದು ಗ್ಲಿಬ್‌ಸಿ ಕೆಲವೊಮ್ಮೆ ಕೊನೆಯ ಬೈಟ್‌ನಿಂದ ಮೊದಲಿನತ್ತ ನಕಲಿಸತೊಡಗಿತು. 1, 2, 3, 4 ಎಂಬ ಸಾಲಿನ ಕೊನೆಯ ಮೂರು ಅಂಕಿಗಳನ್ನು ಒಂದು ಮನೆ ಎಡಕ್ಕೆ ಸರಿಸುವಾಗ ಮೊದಲಿನಿಂದ ಹೊರಟರೆ 2, 3, 4, 4 ಸಿಗುತ್ತದೆ. ಕೊನೆಯಿಂದ ಒಂದೊಂದಾಗಿ ಹೊರಟರೆ ಎಲ್ಲ ಮನೆಗಳಲ್ಲೂ 4 ತುಂಬುತ್ತದೆ. 2010ರ ನವೆಂಬರ್‌ನಲ್ಲಿ ಬಂದ ಫೆಡೋರಾ 14 ಎಂಬ ಲಿನಕ್ಸ್ ವಿತರಣೆಯಲ್ಲಿ, ಬ್ರೌಸರ್‌ನಲ್ಲಿ ವಿಡಿಯೊ ಓಡಿಸುತ್ತಿದ್ದ ಅಡೋಬಿಯ 64 ಬಿಟ್ ಫ್ಲ್ಯಾಶ್ ಪ್ಲಗಿನ್‌ನ ಧ್ವನಿ ಕೆಟ್ಟು ಕೇಳಿಸಿದ್ದು ಈ ಕಾರಣಕ್ಕೆ.

ಮಾನಕದ ಪ್ರಕಾರ ತಪ್ಪು ಪ್ಲಗಿನ್‌ನದೇ. ಆದರೂ ನಿನ್ನೆಯವರೆಗೆ ನಡೆಯುತ್ತಿದ್ದುದು ಇಂದು ನಿಂತರೆ ಬಳಕೆದಾರನಿಗೆ ಮಾನಕದಿಂದ ಸಮಾಧಾನವಾಗದೆಂಬ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್‌ರ ನಿಲುವೇ ಹೆಚ್ಚು ವ್ಯಾವಹಾರಿಕವಾಗಿತ್ತು. 2011ರ ಗ್ಲಿಬ್‌ಸಿ 2.14 ಆವೃತ್ತಿಯು ಒಂದೇ ಹೆಸರಿನ ಫಂಕ್ಷನ್‌ಗೆ ಎರಡು ಆವೃತ್ತಿ ಗುರುತುಗಳನ್ನು ಅಂಟಿಸಿ, ಹಳೆಯ ಗುರುತನ್ನು ಹೊತ್ತ ತಂತ್ರಾಂಶಗಳಿಗೆ ಸದ್ದಿಲ್ಲದೆ ಮೆಮ್‌ಮೂವ್‌ನ ನಡವಳಿಕೆಯನ್ನು ಕೊಟ್ಟು, ಹೊಸದಾಗಿ ಕಂಪೈಲ್ ಆದವುಗಳಿಗೆ ಮಾತ್ರ ವೇಗದ ಮೆಮ್‌ಕಾಪಿಯನ್ನು ಉಳಿಸಿತು.